ಕಾಂಪೌಂಡರ್ ಸಂಜೀವಪ್ಪ ಹೇಳಿದ ನಿಜ

ದೊಡ್ಡಬಳ್ಳಾಪುರದ ಕಡೆ, ಸಾಸಲಿನಾಚೆಯ ಹಳ್ಳಿಯೊಂದರ ಸಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ಸಂಜೀವಪ್ಪ, ಸೂಲಗಿತ್ತಿ ಮುನಿವೆಂಕಟಮ್ಮನಿಗೆ ನಾಲ್ಕು ತಿಂಗಳು ಕ್ಷಯದ ಸೂಜಿ ಹಾಕಿದ್ದ. ಬಡವರು ಕೆಮ್ಮಿದರೆ ಕ್ಷಯವೇ ಅನ್ನುವ ಕಾಲ ಅದು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಬರೆದುಕೊಟ್ಟದ್ದನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ೧೯೭೩ರ ಸಂಕ್ರಾಂತಿ ಕಳೆಯುವಷ್ಟರಲ್ಲಿ ಆಕೆ ಸೊರಗಿಹೋದಳು, ಕಫದಲ್ಲಿ ರಕ್ತ ಕಂಡಿತು. ಎರಡು ಸಲ ಕಫ ಪರೀಕ್ಷೆ ಮಾಡಿಸಿದರೂ ಕ್ಷಯ ಸಿಕ್ಕಿರಲಿಲ್ಲವಲ್ಲ ಎಂಬುದು ಸಂಜೀವಪ್ಪನನ್ನು ಕೊರೆಯತೊಡಗಿತು. ರಜಾ ಹಾಕಿ, ತಾನೇ ಆಕೆಯನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಲ್ಲಿನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು.

"ಶ್ವಾಸಕೋಶದ ಕ್ಯಾನ್ಸರು. ಆಪರೇಷನ್ನಿನ ಹಂತ ದಾಟಿದೆ. ಐದಾರು ವಾರ ದಿನಾ ಬಂದು ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಲಿ. ಕಾಯಿಲೆ ಏನೂಂತ ಅವರಿಗೆ ಹೇಳಬೇಡಿ, ಹೆದರ್ಕೋತಾರೆ."

ಹೊರಗೆ ಬೇವಿನ ಮರದಡಿ ಮುನಿವೆಂಕಟಮ್ಮ ಕಾಯುತ್ತಿದ್ದಳು. "ಏನಂತಪ್ಪ?"

"ಏನೋ ಗಡ್ಡೆಯಂತೆ ದೊಡ್ಡಮ್ಮ. ಔಷ್ದಿ ಕೊಡ್ತಾರೆ."

"ಮಗು ಅಡ್ಡ ತಿರುಗಿದ್ರೆ ಅಡ್ಡ ತಿರುಗೈತೆ ಅಂತ್ಲೇ ನಾನು ಹೆಣ್ಮಕ್ಳಿಗೆ ಹೇಳೋದು. ಸುಳ್ಳು ಹೇಳಿದ್ರೆ ಅವ್ರು ನನ್ನ ನಂಬ್ಕೊಂಡು ಹೆಂಗೆ ನೋವು ತಿಂತಾರೆ? ನಿಜ ಹೇಳು."

ಸಂಜೀವಪ್ಪ ಹೇಳಿಬಿಟ್ಟ. "ನಾಲ್ಕು ತಿಂಗ್ಳು ತಪ್ಪು ಸೂಜಿ ಹಾಕಿದ್ದು ನಾನೇ," ಅಂದ.

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, "ಬರ್ದಿದ್ದು ಹಾಕ್ದೆ, ಅದ್ರಲ್ಲಿ ನಿನ್ ತಪ್ಪಿಲ್ಲ. ಆದ್ರೆ ಒಂದ್ಸಲಾನಾದ್ರೂ ಹೆಂಗೈತೆ ಅಂತ ನನ್ನ ಕೇಳ್ಲಿಲ್ಲ ಕಣಪ್ಪ," ಅಂದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅವನ ತೋಳು ಹಿಡಿದು ಎದ್ದ ಮುನಿವೆಂಕಟಮ್ಮ ನೇರ ಡಾಕ್ಟರ ಕೋಣೆಗೆ ನಡೆದಳು. "ಕರೆಂಟು ಕೊಟ್ರೆ ವಾಸಿ ಆಗ್ತದಾ ಸಾಮಿ?"

ಡಾಕ್ಟರು ಕನ್ನಡಕ ತೆಗೆದು ಸಂಜೀವಪ್ಪನನ್ನೊಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಆಕೆಗೆ ಕುರ್ಚಿ ತೋರಿಸಿದರು. "ವಾಸಿ ಆಗಲ್ಲಮ್ಮ. ರಕ್ತ ನಿಲ್ಲಬಹುದು, ಉಸಿರಾಟ ಸಲೀಸಾಗಬಹುದು."

"ಮಲಗಿದ್ರೆ ಉಸಿರು ಕಟ್ತದೆ. ಬೆನ್ನು ನೆಲಕ್ಕೆ ಹಾಕೋ ಹಂಗಾದ್ರೆ ಸಾಕು. ಆದ್ರೆ ಪ್ಯಾಟೇನೋರು ನಡ್ಕೊಂಡು ಬತ್ತಾರೆ, ನಾನು ದಿನಾ ಎರಡು ಬಸ್ ಹತ್ತಿ ಬರಕಾಗಕಿಲ್ಲ."

ಡಾಕ್ಟರು ಯೋಚಿಸಿ ಚೀಟಿ ಹರಿದು ಹೊಸದು ಬರೆದರು. ಎರಡು ವಾರದಲ್ಲಿ ಮುಗಿಯುವ ಚಿಕಿತ್ಸೆ, ವಾರ್ಡಿನಲ್ಲೇ ಒಂದು ಹಾಸಿಗೆ.

ರಕ್ತ ನಿಂತಿತು. ಊರಿಗೆ ಮರಳಿದ ಮುನಿವೆಂಕಟಮ್ಮ ಮಲಗಿ ನಿದ್ದೆ ಮಾಡಿದಳು. ಕೂತಲ್ಲಿಂದಲೇ ಸೊಸೆ ಅಮ್ಮಯಮ್ಮನಿಗೆ ಹೇಳಿಕೊಡುತ್ತ ಎರಡು ಹೆರಿಗೆ ಮಾಡಿಸಿದಳು. ಶ್ರಾವಣದಲ್ಲಿ ತೀರಿಕೊಂಡಳು.

ಮರುವರ್ಷ ಕಲ್ಲು ಒಡೆಯುವ ಸೊಣ್ಣಪ್ಪ ಕೆಮ್ಮುತ್ತ ಬಂದ. ಹಳ್ಳಿಗೆ ವಾರಕ್ಕೊಮ್ಮೆ ಬರುವ ಡಾಕ್ಟರು ಅದೇ ಕ್ಷಯದ ಸೂಜಿ ಬರೆದರು. ಮೊದಲು ಎಕ್ಸ್-ರೇ ಆಗಲಿ ಎಂದು ಸಂಜೀವಪ್ಪ ಪಟ್ಟು ಹಿಡಿದು ಅವನನ್ನು ದೊಡ್ಡಬಳ್ಳಾಪುರಕ್ಕೆ ಕಳಿಸಿದ. ಅವನದು ಕ್ಷಯವೇ ಆಗಿತ್ತು. ಡಾಕ್ಟರು ಎಲ್ಲರೆದುರು ನಕ್ಕರು. ಸಂಜೀವಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ.