ದೋಮ್ನಾ ಎತ್ತಿಕೊಟ್ಟ ಹಾಡು

ಈಸ್ಟರಿನ ದೊಡ್ಡ ಉಪವಾಸ ಹಿಡಿಯುವ ಮುಂಚಿನ ಹಬ್ಬದಲ್ಲಿ ನಮ್ಮ ಕೊಜಾನಿ ಊರಿನ ಒಂದೊಂದು ಕೇರಿಯಲ್ಲೂ ಬೆಂಕಿ ಹಾಕುತ್ತಾರೆ. ನಮ್ಮ ಕೇರಿಯ ಬೆಂಕಿಗೆ ಸೌದೆ ಯಾರು ಬೇಕಾದರೂ ತರಬಹುದಿತ್ತು, ಹಾಡು ಎತ್ತಿಕೊಡುವವಳು ಮಾತ್ರ ದೋಮ್ನಾ. ಅವಳು ಒಂದು ಸಾಲು ಹಾಡಿದರೆ, ಕೈ ಕೈ ಹಿಡಿದು ಬೆಂಕಿ ಸುತ್ತುವ ನಾವೆಲ್ಲ ಅದನ್ನೇ ತಿರುಗಿ ಹಾಡುತ್ತಿದ್ದೆವು. ಹಳೆಯ ಹಾಡಿನಲ್ಲಿ ಮದುಮಗನ ಹೆಸರು ಬರುವ ಕಡೆ ಅವಳು ನಮ್ಮಲ್ಲೇ ಯಾರದೋ ಹೆಸರು ಸಿಕ್ಕಿಸಿಬಿಡುವಳು. ವರ್ಷವೆಲ್ಲ ಜಂಬ ಕೊಚ್ಚಿಕೊಂಡವರಿಗೆ ಅವತ್ತು ಎದೆ ಢವಢವ. ಹೆಸರು ಬರದೇ ಹೋದರೆ ಇನ್ನೂ ಬೇಜಾರು. ಎಷ್ಟು ಕಿಚಾಯಿಸಿದರೂ ಯಾರಿಗೂ ನೋವಾಗುವ ಹಾಗೆ ಹಾಡಿದವಳಲ್ಲ.

ಅವಳು ಬೆಟ್ಟದ ಹಳ್ಳಿಯ ಹುಡುಗಿ. ತಾಮ್ರದ ಪಾತ್ರೆ ಮಾಡುವ ಜೀಸಿಸ್‌ನನ್ನು ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದಳು. ಅವನು ಬೇಗ ತೀರಿಕೊಂಡ. ಆಮೇಲೆ ಕೇಸರಿ ಹೊಲಗಳಲ್ಲಿ ದುಡಿದೇ ಮಗ ಲಾಜೋಸ್‌ನನ್ನು ಬೆಳೆಸಿದಳು. ಇಬ್ಬನಿ ಆರುವ ಮೊದಲೇ ಬಾಗಿ ಹೂ ಕೀಳಬೇಕು, ಆಮೇಲೆ ಹೆಂಗಸರೆಲ್ಲ ಮೇಜಿನ ಸುತ್ತ ಕೂತು ಒಂದೊಂದೇ ಹೂವಿನಿಂದ ಕೆಂಪು ಎಳೆ ಬಿಡಿಸಬೇಕು. ಹಾಡುಗಳನ್ನೆಲ್ಲ ಅವಳು ಕಲಿತದ್ದು ಆ ಮೇಜಿನ ಸುತ್ತಲೇ, ಮುದುಕಿಯರ ಬಾಯಿಂದ.

ಒಂದು ಸಲ ಕೇಸರಿ ಕೊಯ್ಲಿನ ಸಮಯದಲ್ಲಿ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯಿತು. ವಯಸ್ಸಾಯಿತು, ಇನ್ನು ಹೊಲಕ್ಕೆ ಬರಬೇಡಿ ಎಂದಳು ಲಾಜೋಸ್‌ನ ಹೆಂಡತಿ ಪೊಲಿಕ್ಸೆನಿ. ನನ್ನ ಅನ್ನ ನಾನು ದುಡಿದು ತಿನ್ನುತ್ತೇನೆ ಎಂದಳು ದೋಮ್ನಾ. ಇಬ್ಬರೂ ಮುಖ ತಿರುಗಿಸಿಕೊಂಡು ಮಲಗಿದರು. ಮಾರನೆಯ ಬೆಳಿಗ್ಗೆ ದೋಮ್ನಾ ಹೂವಿನ ಸಾಲಿನ ನಡುವೆ ಕುಸಿದುಬಿದ್ದಳು. ಲಕ್ವ ಹೊಡೆದಿತ್ತು.

ಪ್ರಾಣ ಉಳಿಯಿತು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದಳು. ಮಾತು ಮಾತ್ರ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಅವಳ ಬಾಯಿಗೆ ಬರುತ್ತಿದ್ದದ್ದು 'ಇಲ್ಲ' ಅನ್ನುವುದೊಂದೇ. ಸಾರು ಬೇಕಾ ಅಂದರೆ 'ಇಲ್ಲ', ತಟ್ಟೆ ತೆಗೆದುಕೊಂಡು ಹೋದರೆ ಸಿಟ್ಟಿಗೆದ್ದು ಚಮಚ ಎಸೆಯುವಳು. ಯಾವ 'ಇಲ್ಲ' ನಿಜವಾಗಿ 'ಹೌದು' ಅನ್ನುವುದನ್ನು ಪೊಲಿಕ್ಸೆನಿ ಅವಳ ಕಣ್ಣು ನೋಡಿ ನೋಡಿ ಕಲಿತಳು.

ಹೀಗೇ ಚಳಿಗಾಲ ಕಳೆದು ಹಬ್ಬದ ಕೊನೆಯ ಭಾನುವಾರ ಬಂತು. ಅವತ್ತು ಊಟಕ್ಕೆ ಕೂರುವ ಮುಂಚೆ ಕಿರಿಯರು ಹಿರಿಯರ ಕೈಗೆ ಮುತ್ತಿಟ್ಟು ತಪ್ಪಾಯಿತು ಅನ್ನಬೇಕು. ದೇವರು ಕ್ಷಮಿಸಲಿ, ನೀನೂ ನನ್ನನ್ನು ಕ್ಷಮಿಸು ಅಂತ ಹಿರಿಯರು ಹೇಳಬೇಕು. ಅವರ ಮನೆಯಲ್ಲಿ ಊಟಕ್ಕೆ ನಾನೂ ಇದ್ದೆ. ಪೊಲಿಕ್ಸೆನಿ ಬಗ್ಗಿ ಅತ್ತೆಯ ಕೈಗೆ ಮುತ್ತಿಟ್ಟಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು, ಅತ್ತೆ. ಮನಸ್ಸಲ್ಲಿ ಇಟ್ಕೋಬೇಡಿ."

ದೋಮ್ನಾ ಬಾಯಿ ತೆರೆದಳು. "ಇಲ್ಲ" ಎಂದಳು. ಅವಳಿಗೇ ಗಾಬರಿಯಾಗಿ ಮತ್ತೆ "ಇಲ್ಲ, ಇಲ್ಲ" ಎಂದು ಕೈ ಎಳೆದುಕೊಂಡು ಅಳತೊಡಗಿದಳು. ಅಷ್ಟು ದಿನ ಅತ್ತೆಯ ಕಣ್ಣು ಓದಿದವಳಿಗೆ ಆ ಗಳಿಗೆಯಲ್ಲಿ ಏನೂ ಓದಲಾಗಲಿಲ್ಲ. ಪೊಲಿಕ್ಸೆನಿ ಒಳಗೆ ಹೋಗಿ ಮುಖ ತೊಳೆದು ಬಂದಳು. ಲಟ್ಟಣಿಗೆಗೆ ದಾರ ಕಟ್ಟಿ ಬೇಯಿಸಿದ ಮೊಟ್ಟೆ ತೂಗಿಬಿಟ್ಟು, ಕೈ ಮುಟ್ಟಿಸದೆ ಬಾಯಲ್ಲೇ ಹಿಡಿಯುವ ಆಟಕ್ಕೆ ಮಕ್ಕಳು ಕಾಯುತ್ತಿದ್ದವು. ಲಾಜೋಸ್ ಆಡಿಸಿದ, ಆದರೆ ಮಕ್ಕಳನ್ನು ಬಿಟ್ಟರೆ ಯಾರೂ ನಗಲಿಲ್ಲ.

ಕತ್ತಲಾಗುತ್ತಿದ್ದ ಹಾಗೆ ದೋಮ್ನಾಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಬೆಂಕಿಯ ಹತ್ತಿರ ಕೂರಿಸಿದೆವು. ಹಾಡು ಎತ್ತಿಕೊಡಲು ನಿಂತವನು ಕ್ಷೌರದಂಗಡಿಯ ಸ್ತೆರ್ಗಿಯೋಸ್. ದನಿ ಚೆನ್ನಾಗಿದೆ, ನೆನಪು ಕಮ್ಮಿ. ಎರಡನೇ ಹಾಡಿನಲ್ಲೇ ಸಾಲು ಮರೆತು ನಿಂತ. ನಾವೂ ನಿಂತೆವು, ತಾಳದವನೂ ನಿಲ್ಲಿಸಿದ.

ಆಗ ಕುರ್ಚಿಯಿಂದ ಹಾಡು ಬಂತು.

"ಕೋಳಿ ಕೇಳಿತು ಹುಂಜನ, ನನ್ನ ಮೊಟ್ಟೆ ಕದ್ದೋರ್ಯಾರು?"

ಮಾತು ಮಾತೂ ಸ್ಪಷ್ಟವಾಗಿತ್ತು. ತಿರುಗಿ ಹಾಡಬೇಕಾದ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅವಳು ಕೋಲಿನಿಂದ ನೆಲ ಕುಟ್ಟಿದಳು. ಹಾಡ್ರೋ ಅಂತ ಅದರ ಅರ್ಥ, ನಮಗೆಲ್ಲ ಗೊತ್ತಿತ್ತು. ಹಾಡಿದೆವು. ಮುಂದಿನ ಸಾಲೂ ಬಂತು, ಅದರ ಮುಂದಿನದೂ ಬಂತು. ಹೆಸರು ಸಿಕ್ಕಿಸುವ ಜಾಗ ಬಂದಾಗ ಅವಳು ತಡವರಿಸಿದಳು. ಹಳೆಯ ಸಾಲು ತಾನಾಗಿ ಬರುತ್ತಿತ್ತು, ಹೊಸ ಮಾತನ್ನು ಹುಡುಕಿ ತರಬೇಕಿತ್ತು. ಹಣೆಯಲ್ಲಿ ಬೆವರು. ತಾಳದವನು ಅದೇ ತಾಳವನ್ನು ಮತ್ತೆ ಮತ್ತೆ ಬಡಿಯುತ್ತ ಕಾದ.

"ಪೊಲಿಕ್ಸೆನಿ... ಪೊಲಿಕ್ಸೆನಿ ನನ್ನ ಮಗಳು."

ನಾವು ಅದನ್ನೇ ತಿರುಗಿ ಹಾಡಿದೆವು, ಕೇರಿಗೆ ಕೇರಿಯೇ ಹಾಡಿತು. ಪೊಲಿಕ್ಸೆನಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಅತ್ತೆಯ ಮಡಿಲಲ್ಲಿ ತಲೆ ಇಟ್ಟಳು. ಸ್ತೆರ್ಗಿಯೋಸ್ ಟೋಪಿ ತೆಗೆದು ಜಾಗ ಬಿಟ್ಟುಕೊಟ್ಟ.

ಮಾತು ಹೋದರೂ ಕೆಲವರಿಗೆ ಹಾಡು ಉಳಿದಿರುತ್ತದೆ ಎಂದರು ಡಾಕ್ಟರು. ಬರೀ ಮಾತು ಅವಳಿಗೆ ಕೊನೆವರೆಗೂ ಬರಲಿಲ್ಲ. ಅವಳು ಸುಮ್ಮನೆ ಕೂರಲೂ ಇಲ್ಲ. ಏನು ಬೇಕೋ ಅದನ್ನು ಯಾವುದಾದರೊಂದು ಹಳೆಯ ಹಾಡಿನ ಮಟ್ಟಿಗೆ ಕೂರಿಸುವುದನ್ನು ದಿನವೂ ಹಟ ಹಿಡಿದು ಕಲಿತಳು. ಮೊದಲು ನೀರು, ಆಮೇಲೆ ಬ್ರೆಡ್ಡು, ಆಮೇಲೆ ಮೊಮ್ಮಕ್ಕಳ ಹೆಸರು. ಬೇಸಿಗೆ ಹೊತ್ತಿಗೆ ಔಷಧಿ ಅಂಗಡಿಯಲ್ಲಿ ನಿಂತು ತನ್ನ ಮಾತ್ರೆಯನ್ನು ಮದುವೆ ಹಾಡಿನ ಮಟ್ಟಿನಲ್ಲಿ ಕೇಳುತ್ತಿದ್ದಳು. ನಾಚಿಕೆ ಅನ್ನುವುದು ಅವಳ ಹತ್ತಿರ ಸುಳಿಯಲಿಲ್ಲ. ಅಪರಿಚಿತರು ನಕ್ಕರೆ ಅವಳೂ ನಕ್ಕು ಇನ್ನೊಂದು ಸಾಲು ಸೇರಿಸುವಳು.

ಪೊಲಿಕ್ಸೆನಿಗೆ ಶ್ರುತಿ ಗೊತ್ತಿಲ್ಲ. ಆದರೂ ಅತ್ತೆಗೆ ಹಾಡಿನಲ್ಲೇ ಉತ್ತರ ಕೊಡುವ ಅಭ್ಯಾಸ ಮಾಡಿಕೊಂಡಳು. ಬೆಳಿಗ್ಗೆ ಕಿಟಕಿ ತೆರೆದರೆ ನಮ್ಮ ಅಡುಗೆಮನೆಗೆ ಇಬ್ಬರ ದನಿಯೂ ಕೇಳುತ್ತಿತ್ತು.