ಕಾವಲು ಯಾರದು?

ಗಡಿಪಾರು ಅಂದರೆ ಜನ ಯಾವುದೋ ದೂರದ ಊರು ಅಂದುಕೊಳ್ಳುತ್ತಾರೆ. ನನಗೆ ಸಿಕ್ಕಿದ್ದು ಬಾಣಾವರ. ಕಡೂರಿನಲ್ಲಿ ಬಸ್ಸು ಹತ್ತಿದರೆ ಕಡಲೆಕಾಯಿ ಪೊಟ್ಟಣ ಮುಗಿಯುವಷ್ಟರಲ್ಲಿ ಬರುವ ಊರು, ಆದರೆ ಜಿಲ್ಲೆ ಬೇರೆ. ಎಮ್ಮೆದೊಡ್ಡಿ ಕಡೆಯ ನಮ್ಮೂರಿನ ಕಾವಲಿಗೆ, ಅಂದರೆ ತಲೆಮಾರುಗಳಿಂದ ದನ ಮೇಯುವ ಬಯಲಿಗೆ, ಸರ್ಕಾರದವರು ಬೇಲಿ ಹಾಕಬಾರದೆಂದು ಹೆಂಗಸರನ್ನು ಕೂಡಿಸಿ ಧರಣಿ ಕೂತಿದ್ದೆ. ‘ಜನರನ್ನು ಎತ್ತಿಕಟ್ಟುತ್ತಾಳೆ’ ಎಂದು ಬರೆದು, ಒಂದು ವರ್ಷ ನಮ್ಮ ಜಿಲ್ಲೆಗೆ ಕಾಲಿಡಬೇಡ ಅಂದರು.

ಕಾಲಿಡುವುದಿರಲಿ, ಕೂತು ದಾಟುವಂತೆಯೂ ಇಲ್ಲ. ಶಿವಮೊಗ್ಗದ ವಕೀಲರನ್ನು ಕಾಣಬೇಕಿತ್ತು. ರೈಲು ಕಡೂರು, ತರೀಕೆರೆ ಮೇಲೆಯೇ ಹೋಗುತ್ತದೆ. ಎಲ್ಲೂ ಇಳಿಯುವುದಿಲ್ಲ ಅಂದೆ, ಅದೂ ಕೂಡದು ಅಂದರು. ಹುಳಿಯಾರು, ಹೊಸದುರ್ಗ, ಹೊಳಲ್ಕೆರೆ ಎಂದು ಊರೆಲ್ಲ ಸುತ್ತಿಕೊಂಡು ಹೋದರೆ ವಕೀಲರು ಮನೆಯಲ್ಲಿಲ್ಲ. ಇತ್ತ ಬಾಡಿಗೆ ಮನೆಯ ಒಡತಿ ಬೇರೆ, ದಿನಾ ‘ಅಂಥದ್ದೇನ್ ಮಾಡಿದ್ರಮ್ಮಾ?’ ಎಂದು ಕೇಳುತ್ತಾಳೆ. ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತೇನೆ.

ಹೋರಾಟವೆಲ್ಲ ಈಗ ಫೋನಿನಲ್ಲೇ. ಧರಣಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ನೆರೆಮನೆಯ ಹೆಂಗಸು ಕಾವಲಿನ ದಿಬ್ಬ ಹತ್ತಿ, ಸಿಗ್ನಲ್ ಹುಡುಕಿ ಮಾತಾಡುತ್ತಾಳೆ. ಅರ್ಧ ಮಾತು ಗಾಳಿಗೆ ಹೋಗುತ್ತದೆ. ಹೋದ ತಿಂಗಳು ಅಧಿಕಾರಿಗಳು ಸ್ಥಳ ನೋಡಿ, ಊರವರ ಹೇಳಿಕೆ ಬರೆದುಕೊಳ್ಳಲು ಬಂದಿದ್ದರು.

‘ಏನ್ ಕೇಳಿದ್ರೇ ಅವ್ರು?’

‘ಈ ಕಾವ್ಲು ಯಾರ್ದು ಅಂದ್ರು ಕಣಕ್ಕ. ನಾವೆಲ್ಲ ಕೈಯೆತ್ತಿ, ಜೋರಾಗಿ ನಮ್ದು ಅಂದ್ವಿ.’

ಜಾಗ ಸರ್ಕಾರದ್ದು, ದನ ಮೇಯಿಸುವ ಹಕ್ಕು ಮಾತ್ರ ನಮ್ಮದು. ನಮ್ಮ ಅರ್ಜಿಯಲ್ಲಿ ಇದ್ದದ್ದೇ ಅದೊಂದು ಮಾತು. ಈಗ ‘ಗ್ರಾಮಸ್ಥರು ಸ್ವಂತ ಜಮೀನು ಎನ್ನುತ್ತಾರೆ, ಖಾತೆ ಇಲ್ಲ’ ಎಂದು ಬರೆದು, ಎಲ್ಲರ ಸಹಿ ಹಾಕಿಸಿಕೊಂಡು ಹೋಗಿದ್ದಾರೆ.

‘ತಲೇಲಿ ಏನ್ ತುಂಬ್ಕೊಂಡಿದೀರೇ? ನಾವೇ ಒತ್ತುವರಿ ಮಾಡಿದೀವಿ ಅಂತ ಬರ್ಕೊಟ್ಟಂಗಾಯ್ತು!’ ಎಂದು ಕಿರುಚಿದೆ.

‘ನೀನೇ ಅಲ್ವೇನಕ್ಕ ಹೇಳ್ಕೊಟ್ಟಿದ್ದು? ಕಾವಲು ಯಾರದು ಅಂತ ನೀನು ಕೂಗ್ತಿದ್ದೆ, ನಮ್ದು ಅಂತ ನಾವು ಕೂಗ್ತಿದ್ವಿ. ಅವ್ರೂ ಹಂಗೇ ಕೇಳಿದ್ರು.’

ಹೌದು, ನಾನೇ. ಧರಣಿಯಲ್ಲಿ ಕೂಗುವುದು ಬೇರೆ, ಕಾಗದಕ್ಕೆ ಹೇಳುವುದು ಬೇರೆ ಎಂದು ತಿಳಿಸುವ ಮೊದಲೇ ನನ್ನನ್ನು ಆಚೆ ಹಾಕಿದ್ದರು. ಅಲ್ಲಿ ನಾನಿದ್ದು ಒಂದು ಸಲ ಕೆಮ್ಮಿದ್ದರೂ ಸಾಕಿತ್ತು, ಎಲ್ಲರೂ ತಿರುಗಿ ನನ್ನ ಮುಖ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೋ, ನನ್ನ ಮೇಲೋ, ಗೊತ್ತಾಗಲಿಲ್ಲ.

ಅಧಿಕಾರಿಗಳನ್ನು ಕಾಡಿ ಬೇಡಿ ಇನ್ನೊಮ್ಮೆ ಹೇಳಿಕೆ ಬರೆದುಕೊಳ್ಳಲು ಒಪ್ಪಿಸಿದೆ. ಅದು ಬರುವ ಸೋಮವಾರ. ನಿನ್ನೆ ಫೋನಿನಲ್ಲೇ ಅಭ್ಯಾಸ ಮಾಡಿಸಿದೆ. ಅತ್ತ ಸ್ಪೀಕರ್ ಹಾಕಿಕೊಂಡು ಹತ್ತಾರು ಹೆಂಗಸರು ಕೂತಿದ್ದರು.

‘ಕಾವಲು ಯಾರದು ಅಂತಾರೆ. ಸರ್ಕಾರದ್ದು ಅನ್ನಿ. ಎಲ್ಲಿ, ಹೇಳಿ?’

ಒಬ್ಬಿಬ್ಬರು ‘ಸರ್ಕಾ...’ ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಕೊನೆಗೆ ನೆರೆಮನೆಯವಳೇ ಅಂದಳು:

‘ಆ ಮಾತು ಬಾಯಿಗೆ ಬರ್ತಿಲ್ಲ ಕಣಕ್ಕ. ಸೋಮ್ವಾರ ನೀನೇ ಬಂದು ಹೇಳ್ಬಿಡು.’