ಬಿಸಿಯಾದ ಗೊರಸು

ನನ್ನ ಮೊಣಕಾಲು ನೋವು ಇಳಿದ ಮೇಲೆ, ಸವಾರಿಯಿಲ್ಲದ ಇಪ್ಪತ್ತು ದಿನ ಕಳೆದು, ಮೊದಲಿನಂತೆ ಬೆಳಿಗ್ಗೆ ಐದೂವರೆಗೆ ಜೀನು ಬಿಗಿಯಲು ಹೋದೆ. ನನ್ನ ಕುದುರೆ ಮುಂಗಾಲು ಊರಲಾರದೆ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಡುಗುತ್ತ ನಿಂತಿತ್ತು. ಗೊರಸು ಎತ್ತಿ ನೋಡಿದೆ. ಮುಳ್ಳಿರಲಿಲ್ಲ, ಗಾಯವಿರಲಿಲ್ಲ. ಗಾಬರಿಯಾಗಿ ನರೋಣಾದಿಂದ ಲಾಳ ಕಟ್ಟುವ ಕಾಸೀಮನನ್ನು ಕರೆಸಿದೆ. ಅವನು ನನ್ನ ಅಂಗೈ ಹಿಡಿದು ಗೊರಸಿನ ಮೇಲಿಟ್ಟ. ಕೈ ಸುಡುವಷ್ಟು ಬಿಸಿ!

"ಕಾಳು ಎಷ್ಟ್ ಹಾಕೀರಿ?"

"ಯಾವಾಗಿನಂಗ ಎರಡು ಸೇರು ಜೋಳ. ಒಂದಿನಾನೂ ತಪ್ಪಿಸಿಲ್ಲ."

"ಗಡಿಯಾರ ನೋಡಿ ಹಾಕೀರಿ ಮಾಸ್ತರ, ಕುದುರಿ ನೋಡಿ ಹಾಕಿಲ್ಲ. ನಿಂತ ಕುದುರಿಗಿ ದುಡಿಯೋ ಕುದುರಿ ಕಾಳು ಹಾಕಿದ್ರ ಅದರ ಕಾವು ಗೊರಸಿಗಿ ಇಳೀತದ್ರಿ."

ಪಶುವೈದ್ಯರೂ ಅದನ್ನೇ ಹೇಳಿ ಔಷಧಿ ಕೊಟ್ಟರು. ಈಗ ಐದೂವರೆಗೆ ಜೀನು ಮುಟ್ಟುವುದಿಲ್ಲ. ಗೊರಸಿನ ಮೇಲೆ ಅಂಗೈ ಇಡುತ್ತೇನೆ. ಇಂದೂ ಬಿಸಿಯೇ ಇತ್ತು.